ಕೊನೆಯ ಏಳು ಮೀಟರಿಗೆ ಎಷ್ಟು ದುಡ್ಡು?

ನೂರೈವತ್ತು ಡಾಲರಿನ ಜಿಪಿಎಸ್ ಹಿಡಿದವರಿಗೂ ಮುನ್ನೂರೈವತ್ತು ಡಾಲರಿನದನ್ನು ಹಿಡಿದವರಿಗೂ, ಕಾಡಿನಲ್ಲಿ ಬಚ್ಚಿಟ್ಟ ಡಬ್ಬಿ ಹುಡುಕುವ ಮಟ್ಟಿಗೆ, ಇರುವ ವ್ಯತ್ಯಾಸ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಈ ಲೆಕ್ಕವನ್ನು ಅಂಗಡಿಯ ಫಲಕವೂ ಹೇಳುವುದಿಲ್ಲ, ಕಂಪನಿಯ ಕರಪತ್ರವೂ ಹೇಳುವುದಿಲ್ಲ. ಅಲ್ಲಿ ಎದ್ದು ಕಾಣುವುದು ಬಣ್ಣದ ನಕ್ಷೆ, ವಾಯುಭಾರ ಮಾಪಕ, ಕ್ಯಾಮೆರಾ, ಹವಾಮಾನದ ಸೂಚನೆ. ಜಿಯೋಕ್ಯಾಶಿಂಗ್ ಆಟಕ್ಕೆ ಹೊಸದಾಗಿ ಇಳಿಯುವವರು ಇವುಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬೇಕು ಎಂದು ನೋಡುವುದು ಈ ಬರಹದ ಉದ್ದೇಶ. ಆಟ ಹುಟ್ಟಿದ್ದೂ ಬೆಳೆದದ್ದೂ ಅಮೆರಿಕದಲ್ಲಿ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಮಕ್ಕಳನ್ನು ಟಿವಿಯ ಮುಂದಿನಿಂದ ಎಬ್ಬಿಸಲು ಇದೊಂದು ನೆಪ. ಹಾಗಾಗಿ ಬೆಲೆಗಳನ್ನು ಡಾಲರಿನಲ್ಲೇ ಇಟ್ಟುಕೊಂಡಿದ್ದೇನೆ. ಎಲ್ಲವೂ ಆಯಾ ಸಾಧನ ಮಾರುಕಟ್ಟೆಗೆ ಬಂದಾಗಿನ ಬೆಲೆಗಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಅಮೆರಿಕದ ಸೇನೆ ಮೊದಲು ನಾಗರಿಕರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಸಾಮಾನ್ಯರ ಕೈಯ ಯಂತ್ರ ನೂರು ಮೀಟರಿನವರೆಗೂ ತಪ್ಪಬಹುದಾಗಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ 2000ರ ಮೇ 1ರಂದು ಈ ಕಲಬೆರಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಆ ರಾತ್ರಿಯೇ ನಿಂತಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಂಚಿನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತು, ಅದರೊಳಗೆ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇಟ್ಟು, ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ. ಮೈಕ್ ಟೀಗ್ ಎಂಬಾತ ಮೊದಲು ಹೋಗಿ ಹುಡುಕಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಯಾಟಲ್ಲಿನ ಜೆರೆಮಿ ಐರಿಷ್ ಇದಕ್ಕೆಂದೇ ಜಾಲತಾಣ ತೆರೆದ. ಈಗ ಜಗತ್ತಿನಾದ್ಯಂತ ಇಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಹೆಚ್ಚು. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಅಲ್ಮರ್ ಮಾಡಿದಂತೆ ನೆಲದಲ್ಲಿ ಹೂಳುವುದಕ್ಕೆ ಈಗಿನ ನಿಯಮದಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ ಎನ್ನುವುದು ಬೇರೆ ಮಾತು.

ಈಗ ಮೊದಲು ಹೇಳಿದ ಒಂದೂವರೆ ಮೀಟರಿನ ಲೆಕ್ಕಕ್ಕೆ ಬರೋಣ. ಡಬ್ಬಿ ಹುಡುಕುವಾಗ ಇರುವುದು ಒಂದು ತಪ್ಪಲ್ಲ, ಎರಡು. ಬಚ್ಚಿಟ್ಟವರ ಯಂತ್ರ ಆ ದಿನ ಮಾಡಿದ ತಪ್ಪು ಒಂದು, ನಿಮ್ಮ ಯಂತ್ರ ಈ ದಿನ ಮಾಡುವ ತಪ್ಪು ಇನ್ನೊಂದು. ಬಯಲಿನಲ್ಲಿ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 4.9 ಮೀಟರಿನೊಳಗೆ ನಿಖರ ಎಂದು ಅಮೆರಿಕ ಸರ್ಕಾರವೇ ಹೇಳುತ್ತದೆ. ಇಬ್ಬರದೂ ಐದೈದು ಮೀಟರ್ ಎಂದಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳನ್ನು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತಾರೆ. ಇಪ್ಪತ್ತೈದಕ್ಕೆ ಇಪ್ಪತ್ತೈದು ಸೇರಿ ಐವತ್ತು. ಅದರ ವರ್ಗಮೂಲ ಏಳು ಮೀಟರ್, ಚೂರು ಮೇಲೆ. ನೀವು ಇನ್ನೂರು ಡಾಲರ್ ಹೆಚ್ಚು ಕೊಟ್ಟು ನಿಮ್ಮ ಪಾಲಿನ ತಪ್ಪನ್ನು ಎರಡು ಮೀಟರಿಗೆ ಇಳಿಸಿದಿರಿ ಎನ್ನೋಣ. ಇಪ್ಪತ್ತೈದಕ್ಕೆ ನಾಲ್ಕು ಸೇರಿ ಇಪ್ಪತ್ತೊಂಬತ್ತು, ವರ್ಗಮೂಲ 5.4. ಉಳಿತಾಯ 1.7 ಮೀಟರ್. ಬಚ್ಚಿಟ್ಟವರ ತಪ್ಪನ್ನು ನಿಮ್ಮ ಜೇಬು ತಿದ್ದಲಾರದು.

ಏಳು ಮೀಟರ್ ತ್ರಿಜ್ಯದ ವೃತ್ತ ಎಂದರೆ 154 ಚದರ ಮೀಟರ್ ನೆಲ, ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗಿಂತ ದೊಡ್ಡದು. 5.4 ಮೀಟರಿನ ವೃತ್ತ ಅದೇ ಸೈಟಿಗಿಂತ ಸ್ವಲ್ಪ ಚಿಕ್ಕದು. ಹುಡುಕುವ ಜಾಗ ನೂರಕ್ಕೆ ನಲವತ್ತರಷ್ಟು ಇಳಿಯಿತಲ್ಲ ಎಂದು ಮಾರುವವರು ವಾದಿಸಬಹುದು. ಲೆಕ್ಕ ಸುಳ್ಳಲ್ಲ. ಆದರೆ ಯಾರೂ ಆ ನೆಲವನ್ನು ಅಂಗುಲ ಅಂಗುಲವಾಗಿ ಬಾಚುವುದಿಲ್ಲ. ಡಬ್ಬಿ ಇರಬಹುದಾದ ತಾಣಗಳು ಅಲ್ಲಿ ನಾಲ್ಕೋ ಐದೋ ಇರುತ್ತವೆ: ಕೊಳೆತ ಬೊಡ್ಡೆ, ಬೇರಿನ ಸಂದು, ಬೇಲಿಗೂಟದ ಟೊಳ್ಳು, ಬಂಡೆಯ ಹಿಂಭಾಗ. ವೃತ್ತ ಕಿರಿದಾದರೆ ಐದು ತಾಣ ನಾಲ್ಕಾಗುತ್ತದೆ. ಆ ಒಂದು ತಾಣವನ್ನು ಕೈಯಾಡಿಸಿ ನೋಡಲು ಅರ್ಧ ನಿಮಿಷ ಸಾಕು.

ದುಬಾರಿ ಯಂತ್ರದ ನಿಖರತೆ ಬೂಟಾಟಿಕೆಯೇನಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ ಬರುವ ಸಂಕೇತ ಬಂಡೆಗೋ ಕಟ್ಟಡಕ್ಕೋ ತಾಗಿ ತಿರುಗಿ ಬಂದರೆ ದಾರಿ ಉದ್ದವಾಗುತ್ತದೆ. ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಹತ್ತು ಭಾಗದಷ್ಟು ತಡವಾದರೂ ಲೆಕ್ಕದಲ್ಲಿ ಮೂರು ಮೀಟರ್ ಏರುಪೇರು. ಎಲ್1, ಎಲ್5 ಎಂಬ ಎರಡು ತರಂಗಾಂತರಗಳನ್ನೂ ಕೇಳುವ ಯಂತ್ರ ಇಂಥ ಮಾರುದನಿಯನ್ನು ಚೆನ್ನಾಗಿ ಪತ್ತೆಹಚ್ಚುತ್ತದೆ. ಗಾರ್ಮಿನ್ ಕಂಪನಿ 2020ರಲ್ಲಿ ತಂದ ಜಿಪಿಎಸ್‌ಮ್ಯಾಪ್ 65 ಈ ಜಾತಿಯದು. ಹಾಸನದಿಂದ ನಿಯಂತ್ರಿಸುವ ನಮ್ಮ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಅದು ಹಿಡಿಯಬಲ್ಲದು. ಬೆಲೆ 350 ಡಾಲರ್. ಗಡಿ ಗುರುತಿಸುವವರಿಗೆ, ಕಣಿವೆಗಳಲ್ಲಿ ಕೆಲಸ ಮಾಡುವವರಿಗೆ ಅದು ತಕ್ಕದ್ದೇ. ಹೊಸದಾಗಿ ಡಬ್ಬಿ ಹುಡುಕುವವರಿಗೆ ಆ ದುಡ್ಡು ದಂಡ.

ಹಾಗಾದರೆ ಈ ಆಟ ಯಂತ್ರದಿಂದ ಬಯಸುವುದೇನು? ನನ್ನ ಪಟ್ಟಿಯಲ್ಲಿ ನಾಲ್ಕೇ ಇವೆ. ಅಂಕಿಗಳನ್ನು ಸುಲಭವಾಗಿ ಒಳಗೆ ಹಾಕಲು ಬರಬೇಕು. ನಿಂತಲ್ಲೇ ನಿಂತಾಗಲೂ ಬಾಣ ಸರಿಯಾದ ದಿಕ್ಕು ತೋರಿಸಬೇಕು. ಡಬ್ಬಿಯ ವಿವರಣೆ, ಸುಳಿವು, ಹಿಂದೆ ಹುಡುಕಿದವರ ಮಾತುಗಳನ್ನು ಅದರಲ್ಲೇ ಓದಲು ಸಿಗಬೇಕು. ಮಳೆ, ಕೆಸರು, ಮಕ್ಕಳ ಕೈ, ಮೂರನ್ನೂ ತಡೆದು ಇಡೀ ದಿನ ನಡೆಯಬೇಕು. ಈ ನಾಲ್ಕಕ್ಕೆ ಹೊರತಾದದ್ದೆಲ್ಲ ಹೊಸಬರ ಪಾಲಿಗೆ ಅಲಂಕಾರ.

ಈ ಅಳತೆಗೆ ಮೊದಲು ನಿಲ್ಲಬೇಕಾದದ್ದು ಈಗಾಗಲೇ ನಿಮ್ಮ ಜೇಬಿನಲ್ಲಿರುವ ಫೋನು. ಮೊದಲೆರಡು ಪರೀಕ್ಷೆಗಳಲ್ಲಿ ಮತ್ತು ಓದುವ ವಿಷಯದಲ್ಲಿ ಅದು ಯಾವ ಕೈ-ಜಿಪಿಎಸ್ಸಿಗೂ ಕಡಿಮೆಯಿಲ್ಲ. ಅಂಕಿ ತುಂಬುವ ಗೋಜೇ ಇಲ್ಲ, ಆಟದ ಅಧಿಕೃತ ಆ್ಯಪ್ ಎಲ್ಲವನ್ನೂ ತೆರೆದಿಡುತ್ತದೆ; ಆಂಡ್ರಾಯ್ಡ್‌ನಲ್ಲಿ ಸಿ:ಜಿಯೋ ಎಂಬ ಉಚಿತ ಆ್ಯಪ್ ಇದೆ. ಎರಡು ತರಂಗಾಂತರದ ಜಿಪಿಎಸ್ 2018ರಲ್ಲೇ ಶಿಯೋಮಿಯ ಒಂದು ಫೋನಿಗೆ ಬಂತು, 2022ರಲ್ಲಿ ಐಫೋನ್ 14 ಪ್ರೋಗೂ ಬಂತು. ಅಂದರೆ ನಿಮ್ಮ ಫೋನು ಹೊಸದಾಗಿದ್ದರೆ ಅಗ್ಗದ ಕೈ-ಜಿಪಿಎಸ್ಸಿಗಿಂತ ಅದೇ ಹೆಚ್ಚು ನಿಖರವಿರಬಹುದು. ಕೈ-ಜಿಪಿಎಸ್ ಫೋನಿಗಿಂತ ನಿಖರ ಎಂಬ ಹಳೆಯ ನಂಬಿಕೆಯನ್ನು ಇನ್ನೂ ಜಪಿಸುವವರು ಯಂತ್ರ ಮಾರುವವರು ಮಾತ್ರ.

ಫೋನು ಸೋಲುವುದು ನಾಲ್ಕನೆಯ ಪರೀಕ್ಷೆಯಲ್ಲಿ. ಪರದೆಯನ್ನು ಬೆಳಗಿಟ್ಟುಕೊಂಡು ಜಿಪಿಎಸ್ ಓಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಕೆಂಪಗಾಗುತ್ತದೆ. ಒದ್ದೆ ಬೆರಳಿಗೆ ಗಾಜಿನ ಪರದೆ ಸ್ಪಂದಿಸುವುದಿಲ್ಲ. ಚಳಿಗಾಲದ ಕೈಗವಸು ಹಾಕಿಕೊಂಡರೆ ಇನ್ನೂ ಕಷ್ಟ. ಬಂಡೆಯ ಮೇಲೆ ಜಾರಿ ಬಿದ್ದರೆ ಆಟದ ಜೊತೆಗೆ ಮನೆಗೆ ಹೋಗುವ ದಾರಿ, ಕರೆ, ಹಣ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಎಂಟು ವರ್ಷದ ಮಗುವಿನ ಕೈಗೆ ಸಾವಿರ ಡಾಲರಿನ ಫೋನು ಕೊಟ್ಟು ಹಳ್ಳ ಇಳಿಯಲು ಬಿಡುವ ತಂದೆತಾಯಿ ಯಾರಿದ್ದಾರೆ? ಅಗ್ಗದ ಕೈ-ಜಿಪಿಎಸ್ಸಿನ ನಿಜವಾದ ಸಮರ್ಥನೆ ಇದು. ಅದು ಫೋನಿಗಿಂತ ಜಾಣ ಅಲ್ಲ. ಬಿದ್ದರೂ ಹೋದರೂ ಎದೆ ಒಡೆಯುವುದಿಲ್ಲ, ಅಷ್ಟೇ. ಮುನ್ನೂರೈವತ್ತು ಡಾಲರ್ ಕೊಟ್ಟರೆ ಈ ಗುಣವೇ ಹೋಗಿಬಿಡುತ್ತದೆ. ಬೆಲೆಬಾಳುವ ಇನ್ನೊಂದು ವಸ್ತುವನ್ನು ಕಾಯುವ ಕೆಲಸ ಹೆಚ್ಚುತ್ತದೆ.

ಅಗ್ಗದ ಕೈ-ಜಿಪಿಎಸ್ ಎಂದರೆ ಕಾಲು ಶತಮಾನದಿಂದ ಗಾರ್ಮಿನ್ನಿನ ಈಟ್ರೆಕ್ಸ್ ಎಂದೇ ಅರ್ಥ. ಕ್ಯಾನ್ಸಸ್ ರಾಜ್ಯದ ಓಲೇಥದಲ್ಲಿ ಕೇಂದ್ರವಿರುವ ಈ ಕಂಪನಿ 2000ದಲ್ಲಿ ತಂದ ಹಳದಿ ಈಟ್ರೆಕ್ಸ್ ಈ ಆಟದ ಮೊದಲ ತಲೆಮಾರಿನ ಕೈಗಳಲ್ಲಿ ಓಡಾಡಿತು. ಅಂಗೈಯಲ್ಲಿ ಕೂರುವ ಗಾತ್ರ, ಎರಡು ಪೆನ್ಸಿಲ್ ಸೆಲ್ಲು, ಕಪ್ಪು ಬಿಳುಪು ಪರದೆ. 2011ರ ಈಟ್ರೆಕ್ಸ್ 10 ಅದೇ ಮೈಕಟ್ಟಿನಲ್ಲಿ ರಷ್ಯದ ಗ್ಲೋನಾಸ್ ಉಪಗ್ರಹಗಳನ್ನೂ ಕೇಳಿತು, ಡಬ್ಬಿಗಳ ವಿವರಣೆಯನ್ನು ತನ್ನಲ್ಲೇ ತೋರಿಸಿತು. ಹಳದಿ ಈಟ್ರೆಕ್ಸ್ ಹಿಡಿದವರು ಅದನ್ನು ಮನೆಯಿಂದ ಕಾಗದದಲ್ಲಿ ಮುದ್ರಿಸಿಕೊಂಡು ಹೊರಡುತ್ತಿದ್ದರು. ಆ ಯಂತ್ರಕ್ಕೆ ಒಂದು ಗಂಭೀರ ಕೊರತೆ ಇತ್ತು: ಒಳಗೆ ದಿಕ್ಸೂಚಿ ಇಲ್ಲ. ಉಪಗ್ರಹದ ಲೆಕ್ಕ ನೀವೆಲ್ಲಿದ್ದೀರಿ ಎಂದು ಹೇಳಬಲ್ಲದು, ಯಾವ ಕಡೆ ಮುಖ ಮಾಡಿದ್ದೀರಿ ಎಂದು ಹೇಳಲಾರದು. ನಡೆಯುತ್ತಿದ್ದರೆ ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ಗೆರೆ ಎಳೆದು ದಿಕ್ಕು ಊಹಿಸುತ್ತದೆ. ನಿಂತ ತಕ್ಷಣ ಆ ಊಹೆ ಸಾಯುತ್ತದೆ.

ಇದು ಎಂಥ ತೊಂದರೆ ಎಂಬುದು ಸಿಯಾಟಲ್ಲಿನ ಪೂರ್ವಕ್ಕೆ ಇಸಾಕ್ವಾ ಊರಿನ ಪಕ್ಕದ ಟೈಗರ್ ಮೌಂಟನ್ ಕಾಡಿನಂಥ ಜಾಗಕ್ಕೆ ಹೋದರೆ ಗೊತ್ತಾಗುತ್ತದೆ. ಎತ್ತರದ ಡಗ್ಲಸ್ ಫರ್ ಮರಗಳು, ಒದ್ದೆ ತೊಗಟೆ, ಸೊಂಟದವರೆಗಿನ ಜರೀಗಿಡ. ದಾರಿಯಿಂದ ಇಪ್ಪತ್ತು ಮೀಟರ್ ಎಂದು ಯಂತ್ರ ತೋರಿಸುತ್ತದೆ, ಬಾಣ ನೇರ ಮುಂದಕ್ಕೆ. ಜರೀಗಿಡ ಸರಿಸಿ ಹತ್ತು ಹೆಜ್ಜೆ ಇಟ್ಟಾಗ ಹನ್ನೊಂದು. ಇನ್ನೆರಡು ಹೆಜ್ಜೆಗೆ ಆರು. ನೋಡೋಣ ಎಂದು ನಿಲ್ಲುತ್ತೀರಿ. ಅಂಕಿ ಒಂಬತ್ತಕ್ಕೆ ಏರುತ್ತದೆ, ಬಾಣ ನಿಧಾನವಾಗಿ ಎಡಕ್ಕೆ ವಾಲಿ, ಒಂದು ಕ್ಷಣ ತಡೆದು, ಪೂರ್ತಿ ಹಿಂದಕ್ಕೆ ತಿರುಗುತ್ತದೆ. ನೀವೂ ತಿರುಗುತ್ತೀರಿ. ನಾಲ್ಕು ಹೆಜ್ಜೆ ಇಟ್ಟರೆ ಹದಿಮೂರು. ಹೊಸಬರು ಇಲ್ಲೇ ಬಾಣದ ಹಿಂದೆ ಗಾಣ ಸುತ್ತಲು ಶುರುಮಾಡುವುದು. ತುಳಿದು ಮಟ್ಟಸವಾದ ಜರೀಗಿಡ ನೋಡಿದರೆ ಎಷ್ಟು ಜನ ಸುತ್ತಿದ್ದಾರೆಂದು ತಿಳಿಯುತ್ತದೆ. ಪಳಗಿದವರು ಅಂಕಿ ಏಳರ ಸುಮಾರಿಗೆ ಇಳಿದೊಡನೆ ಯಂತ್ರವನ್ನು ಜೇಬಿಗೆ ಹಾಕಿ ನೆಲ ನೋಡುತ್ತಾರೆ. ತಾನಾಗಿ ಬಿದ್ದ ಕಡ್ಡಿಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುವುದಿಲ್ಲ. ಬೊಡ್ಡೆಯ ಬಾಯಿಗೆ ಅಡ್ಡಲಾಗಿ ಆರು ಕಡ್ಡಿ ಒತ್ತಾಗಿ ಜೋಡಿಸಿದ್ದರೆ ಅದು ಗಾಳಿಯ ಕೆಲಸವಲ್ಲ.

ದಿಕ್ಸೂಚಿ ಇರುವ ಯಂತ್ರದಲ್ಲಿ ಈ ಗೊಂದಲ ಅರ್ಧಕ್ಕರ್ಧ ಇಳಿಯುತ್ತದೆ. ಅಂಕಿ ಆಗಲೂ ಕುಣಿಯುತ್ತದೆ, ಆದರೆ ನಿಂತ ಮಾತ್ರಕ್ಕೆ ಬಾಣ ಬೆನ್ನು ತಿರುಗಿಸುವುದಿಲ್ಲ. ಸೆಲ್ಲು ಬದಲಿಸಿದಾಗಲೆಲ್ಲ ಯಂತ್ರ ಹೇಳಿದಂತೆ ಅದನ್ನು ಕೈಯಲ್ಲಿ ತಿರುಗಿಸಿ ದಿಕ್ಸೂಚಿಯನ್ನು ಸರಿಪಡಿಸಿಕೊಳ್ಳಬೇಕು ಎಂಬುದೊಂದನ್ನು ಮರೆಯಬಾರದು.

ಈ ಹಿನ್ನೆಲೆಯಲ್ಲಿ ಇತ್ತೀಚಿನ ಕೆಲವು ಈಟ್ರೆಕ್ಸ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಬೆಲೆಯ ಏಣಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ. 2023ರಲ್ಲಿ ಬಂದ ಈಟ್ರೆಕ್ಸ್ ಎಸ್‌ಇ 150 ಡಾಲರಿನದು. 2019ರ ಈಟ್ರೆಕ್ಸ್ 22ಎಕ್ಸ್ 200 ಡಾಲರಿನದು, ಅದರ ಅಣ್ಣ 32ಎಕ್ಸ್ 300 ಡಾಲರಿನದು. ಅತ್ಯಂತ ಅಗ್ಗದ ಎಸ್‌ಇಯಲ್ಲಿ ದಿಕ್ಸೂಚಿ ಇದೆ. ಅದಕ್ಕಿಂತ ಐವತ್ತು ಡಾಲರ್ ಹೆಚ್ಚಿನ 22ಎಕ್ಸ್‌ನಲ್ಲಿ ಇಲ್ಲ. ಎಸ್‌ಇ ಬ್ಲೂಟೂತಿನಲ್ಲಿ ಫೋನಿನೊಂದಿಗೆ ಮಾತಾಡಿ ಡಬ್ಬಿಗಳ ವಿವರ ಇಳಿಸಿಕೊಳ್ಳುತ್ತದೆ. 22ಎಕ್ಸ್‌ಗೆ ಹಳೆಯ ಮಿನಿ ಯುಎಸ್‌ಬಿ ತಂತಿ ಹುಡುಕಿ ಕಂಪ್ಯೂಟರಿಗೆ ಜೋಡಿಸಬೇಕು. 22ಎಕ್ಸ್‌ಗೆ ಇರುವ ಬಂಡವಾಳ ಬಣ್ಣದ ಪರದೆ ಮತ್ತು ಒಳಗೇ ತುಂಬಿದ ಕಾಲುದಾರಿಗಳ ನಕ್ಷೆ. 32ಎಕ್ಸ್‌ನಲ್ಲಿ ನಕ್ಷೆಯೂ ದಿಕ್ಸೂಚಿಯೂ ವಾಯುಭಾರ ಮಾಪಕವೂ ಇವೆ, ಆದರೆ ಅಷ್ಟು ಹೊತ್ತಿಗೆ ನೀವು ಎರಡು ಎಸ್‌ಇಗಳ ಬೆಲೆ ಕೊಟ್ಟಿರುತ್ತೀರಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಯಾವುದು ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

ಎಸ್‌ಇಯ ಗುಣಗಳಲ್ಲಿ ಮೊದಲನೆಯದು ಸೆಲ್ಲಿನ ಆಯುಸ್ಸು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ 168 ಗಂಟೆ ಎಂದು ಕಂಪನಿ ಹೇಳುತ್ತದೆ. ಅಂದರೆ ಪೂರ್ತಿ ಒಂದು ವಾರ. ಹಿಂದಿನ ಈಟ್ರೆಕ್ಸ್‌ಗಳಲ್ಲಿ ಈ ಲೆಕ್ಕ ಇಪ್ಪತ್ತು ಇಪ್ಪತ್ತೈದು ಗಂಟೆ ಇತ್ತು. ದೀಪ ಹಚ್ಚಿ, ದಿಕ್ಸೂಚಿ ಓಡಿಸಿ, ಚಳಿಯಲ್ಲಿ ತಿರುಗಿದರೆ ಕಂಪನಿಯ ಅಂಕಿ ಯಾವುದೂ ಉಳಿಯುವುದಿಲ್ಲ. ಆದರೂ ಅರ್ಧ ಸಿಕ್ಕಿದರೂ ವಾರಾಂತ್ಯಗಳು ಹಲವು ಕಳೆಯುತ್ತವೆ. ಪೆನ್ಸಿಲ್ ಸೆಲ್ಲು ಎನ್ನುವುದೇ ಒಂದು ದೊಡ್ಡ ಅನುಕೂಲ. ಹೆದ್ದಾರಿಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲೂ ಸಿಗುತ್ತದೆ, ಒಳಗಿನ ಬ್ಯಾಟರಿ ಸತ್ತು ಯಂತ್ರವೇ ಕಸವಾಗುವ ಭಯವಿಲ್ಲ. ಕಪ್ಪು ಬಿಳುಪು ಪರದೆ ಬಡತನದಂತೆ ಕಂಡರೂ ಸುಡುಬಿಸಿಲಿನಲ್ಲಿ ಫೋನಿಗಿಂತ ಸ್ಪಷ್ಟವಾಗಿ ಓದಲು ಬರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯುವ ಮೈ. ಅಮೆರಿಕ, ರಷ್ಯ, ಯುರೋಪ್, ಚೀನಾ, ಜಪಾನುಗಳ ಉಪಗ್ರಹಗಳನ್ನೆಲ್ಲ ಕೇಳುತ್ತದೆ, ಹಾಗಾಗಿ ಮರಗಳ ಕೆಳಗೂ ಸಿಗ್ನಲ್ ಸುಲಭಕ್ಕೆ ಕಡಿಯುವುದಿಲ್ಲ.

ದೋಷಗಳೂ ಚಿಕ್ಕವಲ್ಲ. ನಕ್ಷೆ ಇಲ್ಲವೇ ಇಲ್ಲ. ಬಿಳಿ ಪರದೆಯ ಮೇಲೆ ನೀವು ನಡೆದ ಗೆರೆ, ಡಬ್ಬಿಯ ಗುರುತು, ಅಷ್ಟೇ. ನಡುವೆ ಹೊಳೆ ಇದೆಯೇ, ಖಾಸಗಿ ಬೇಲಿ ಇದೆಯೇ ಎಂದು ಯಂತ್ರಕ್ಕೆ ಗೊತ್ತಿಲ್ಲ. ನೇರ ಗೆರೆಯಲ್ಲಿ ಇನ್ನೂರು ಮೀಟರ್ ಎಂದು ತೋರಿಸಿದ್ದು ಸುತ್ತಿ ಹೋದರೆ ಒಂದೂವರೆ ಕಿಲೋಮೀಟರ್ ಆಗಬಹುದು. ಇದಕ್ಕೆ ಮದ್ದು ಮನೆಯಲ್ಲೇ ನಕ್ಷೆ ನೋಡಿ ವಾಹನ ನಿಲ್ಲಿಸುವ ಜಾಗವನ್ನೂ ಕಾಲುದಾರಿಯ ಬಾಯಿಯನ್ನೂ ಗುರುತು ಹಾಕಿಕೊಂಡು ಹೊರಡುವುದು. ಎರಡನೆಯ ದೋಷ ಇನ್ನೂ ಬೇಸರದ್ದು. ಹೊಸ ಡಬ್ಬಿಯ ವಿವರ ಸುಲಭವಾಗಿ ಬೇಕೆಂದರೆ ಫೋನು, ಫೋನಿನಲ್ಲಿ ಕಂಪನಿಯ ಆ್ಯಪ್, ಆ್ಯಪಿಗೊಂದು ಖಾತೆ, ಆಟದ ಖಾತೆಯನ್ನು ಅದಕ್ಕೆ ಜೋಡಿಸುವ ಕೆಲಸ, ಇಷ್ಟೂ ಆಗಬೇಕು. ಫೋನನ್ನು ಬಿಟ್ಟು ಹೋಗಲೆಂದು ಕೊಂಡ ಯಂತ್ರ ಫೋನಿನ ಬಾಲ ಹಿಡಿಯುತ್ತದೆ. ಹಿಂದಿನ ರಾತ್ರಿ ಎಲ್ಲವನ್ನೂ ಇಳಿಸಿಕೊಂಡರೆ ಕಾಡಿನಲ್ಲಿ ಫೋನು ಬೇಡ ಎನ್ನುವುದು ಸಮಾಧಾನ. ಜೊತೆಗೆ ಆಟದ ತಾಣದಲ್ಲಿ ಹಣ ಕೊಟ್ಟ ಸದಸ್ಯರಿಗೆ ಸಿಗುವ ಸೌಕರ್ಯ ಬಿಟ್ಟಿ ಸದಸ್ಯರಿಗೆ ಸಿಗುವುದಿಲ್ಲ. ಯಂತ್ರದ ಬೆಲೆ ಲೆಕ್ಕ ಹಾಕುವಾಗ ಈ ವಾರ್ಷಿಕ ಚಂದಾವನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಪೇಟೆಯ ಆಸೆ ಬೇರೆಯೇ ಇದೆ. ಅಲ್ಲಿ ಎರಡು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು ಗಾರ್ಮಿನ್ನಿನ 2006ರ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್. ತಲೆಯ ಮೇಲೆ ಮೋಟು ಆಂಟೆನಾ, ಮರದಡಿಯಲ್ಲೂ ಸಿಗ್ನಲ್ ಹಿಡಿದಿಡುವ ಸರ್ಫ್‌ಸ್ಟಾರ್ 3 ಚಿಪ್ಪು, ದಿಕ್ಸೂಚಿ ಎಲ್ಲ ಇದ್ದ ಅದು ತನ್ನ ಕಾಲದ ಹುಡುಕುಗರ ಕಣ್ಮಣಿ. ಇನ್ನೊಂದು 2010ರ ಮೆಜೆಲ್ಲನ್ ಎಕ್ಸ್‌ಪ್ಲೋರಿಸ್ಟ್ ಜಿಸಿ. ಚಾರಣಿಗರಿಗೋ ಬೇಟೆಗಾರರಿಗೋ ಮಾಡಿದ್ದನ್ನು ಆಟಕ್ಕೆ ಹೊಂದಿಸದೆ, ಈ ಆಟಕ್ಕೆಂದೇ ಮಾಡಿದ ಯಂತ್ರ ಅದು. ಆ ಕಂಪನಿ ಈಗ ಅಂಥ ಕೈ-ಜಿಪಿಎಸ್‌ಗಳನ್ನೇ ಮಾಡುತ್ತಿಲ್ಲ. ಆಟ ಆಡುವವರು ಲಕ್ಷಗಟ್ಟಲೆ ಇದ್ದೂ ಅವರಿಗೆಂದೇ ಯಂತ್ರ ಮಾಡುವವರು ಉಳಿಯದೆ ಹೋದದ್ದು ಫೋನಿನ ಪ್ರತಾಪ.

ಹಳೆಯದನ್ನು ಕೊಳ್ಳುವವರು ಬೆಲೆಗಿಂತ ಮೊದಲು ನೋಡಬೇಕಾದವು ಕೆಲವಿವೆ. ಸೆಲ್ಲಿನ ಗೂಡಿನಲ್ಲಿ ಹಸಿರು ಕಿಲುಬು ಕಟ್ಟಿದೆಯೇ? ಮೈ ಸುತ್ತಿನ ರಬ್ಬರ್ ಪಟ್ಟಿ ಬಿಟ್ಟುಕೊಂಡಿದೆಯೇ? ಅದು ಬಿಟ್ಟರೆ ಗುಂಡಿಗಳ ಸಂದಿನಿಂದ ನೀರು ಒಳಗೆ ಹೋಗುತ್ತದೆ. ಕಂಪ್ಯೂಟರಿಗೆ ಜೋಡಿಸುವ ತಂತಿ ಯಾವ ಬಗೆಯದು? 2000ದ ಹಳದಿ ಈಟ್ರೆಕ್ಸ್‌ಗೆ ಬೇಕಾದ ಸೀರಿಯಲ್ ತಂತಿಯನ್ನು ತಂದರೂ ಅದನ್ನು ಚುಚ್ಚಲು ಈಗಿನ ಲ್ಯಾಪ್‌ಟಾಪುಗಳಲ್ಲಿ ರಂಧ್ರವಿಲ್ಲ. ದಿನಾಂಕ ಸರಿ ತೋರಿಸುತ್ತದೆಯೇ? ಜಿಪಿಎಸ್ ತನ್ನ ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ; 2019ರ ಏಪ್ರಿಲ್ 6ರಂದು ಹಾಗೆ ಬಂದಾಗ ಹಲವು ಹಳೆಯ ಯಂತ್ರಗಳು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋದವು. ಜಾಗ ತೋರಿಸುವುದಕ್ಕೆ ಇದರಿಂದ ಅಡ್ಡಿಯಾಗದಿದ್ದರೂ ಆ ಯಂತ್ರದ ಸಾಫ್ಟ್‌ವೇರ್ ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಅದರಿಂದ ತಿಳಿಯುತ್ತದೆ. ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದ ಯಂತ್ರವನ್ನು ಬಯಲಿನಲ್ಲಿ ಹದಿನೈದು ನಿಮಿಷ ಸುಮ್ಮನೆ ಇಟ್ಟು ಆಮೇಲೆ ತೀರ್ಪು ಕೊಡಿ. ಎಲ್ಲ ಉಪಗ್ರಹಗಳ ಪಂಚಾಂಗವನ್ನು ಆಕಾಶದಿಂದ ಇಳಿಸಿಕೊಳ್ಳಲೇ ಅದಕ್ಕೆ ಹನ್ನೆರಡೂವರೆ ನಿಮಿಷ ಬೇಕು.

ಹೊಸದೋ ಹಳೆಯದೋ, ಯಂತ್ರ ಕೈಗೆ ಬಂದಮೇಲೆ ಎರಡು ಸೆಟ್ಟಿಂಗ್ ಸರಿಯಿರದಿದ್ದರೆ ಎಷ್ಟು ನಿಖರತೆ ಇದ್ದೂ ವ್ಯರ್ಥ. ಈ ಆಟ ಡಿಗ್ರಿ ಮತ್ತು ದಶಮಾಂಶ ಮಿನಿಟಿನ ಲೆಕ್ಕದಲ್ಲಿ ಬರೆಯುತ್ತದೆ. ಅಲ್ಮರ್‌ನ ಬಕೆಟ್ಟು ಇದ್ದದ್ದು ಉತ್ತರ 45° 17.460′, ಪಶ್ಚಿಮ 122° 24.800′ ಎಂಬಲ್ಲಿ. ಇದರಲ್ಲಿ ಕೊನೆಯ ಅಂಕಿ ಒಂದು ಬದಲಾದರೆ ಉತ್ತರ ದಕ್ಷಿಣದಲ್ಲಿ 1.85 ಮೀಟರ್ ಸರಿಯುತ್ತದೆ. ನಿಮ್ಮ ಯಂತ್ರ ಡಿಗ್ರಿ, ಮಿನಿಟು, ಸೆಕೆಂಡಿನ ಲೆಕ್ಕದಲ್ಲಿದ್ದು ನೀವು 45, 17, 46 ಎಂದು ತುಂಬಿದಿರಿ ಎನ್ನೋಣ. ಅಸಲಿಗೆ .460 ಮಿನಿಟು ಎಂದರೆ 27.6 ಸೆಕೆಂಡು. ಹದಿನೆಂಟು ಚಿಲ್ಲರೆ ಸೆಕೆಂಡಿನ ಈ ವ್ಯತ್ಯಾಸ ನೆಲದ ಮೇಲೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಯಂತ್ರ ಒಂದು ಸದ್ದೂ ಮಾಡದೆ ನಿಮ್ಮನ್ನು ಇನ್ನೊಬ್ಬರ ಹಿತ್ತಲಿಗೆ ಕರೆದೊಯ್ಯುತ್ತದೆ. ಎರಡನೆಯದು ಭೂಮಿಯ ಆಕಾರದ ಮಾದರಿ. ಅದು ಡಬ್ಲ್ಯುಜಿಎಸ್ 84 ಎಂದಿರಬೇಕು. ಹಿಂದಿನ ಮಾಲೀಕರು ಹಳೆಯ ಕಾಗದದ ನಕ್ಷೆಗೆ ಹೊಂದಲೆಂದು ಎನ್‌ಎಡಿ 27 ಇಟ್ಟಿದ್ದರೆ ಅಮೆರಿಕದ ಪಶ್ಚಿಮದಲ್ಲಿ ಹತ್ತಿರ ಹತ್ತಿರ ನೂರು ಮೀಟರ್ ಆಚೀಚೆ. ಕ್ಲಿಂಟನ್ ತೆಗೆದುಹಾಕಿದ ತಪ್ಪನ್ನು ನೀವೇ ದುಡ್ಡು ಕೊಟ್ಟು ತಂದಂತೆ.

ಊರಿಗೆ ಬರುವಾಗ ಯಂತ್ರವನ್ನು ಜೊತೆಗೆ ತರುವವರಿಗೆ ಒಂದು ಎಚ್ಚರಿಕೆ. ಈಟ್ರೆಕ್ಸ್‌ಗಳು ಉಪಗ್ರಹದ ಮಾತನ್ನು ಕೇಳುತ್ತವೆ, ತಿರುಗಿ ಮಾತಾಡುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಬಗೆಯ ಸಾಧನಗಳು ಬೇರೆ. ಪರವಾನಗಿಯಿಲ್ಲದೆ ಅವನ್ನು ಭಾರತಕ್ಕೆ ತರುವಂತಿಲ್ಲ; ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಚಾರಣಿಗರನ್ನು ಇದೇ ಕಾರಣಕ್ಕೆ ತಡೆದು ಪೊಲೀಸರಿಗೆ ಒಪ್ಪಿಸಿದ ಪ್ರಸಂಗಗಳು ನಡೆದಿವೆ. ಗಾರ್ಮಿನ್ನಿನ ಕೆಲವು ಕೈ-ಜಿಪಿಎಸ್‌ಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ. 66ಐ, 67ಐ ಎಂದು ಹೆಸರಿನ ಕೊನೆಗೆ ‘ಐ’ ಬಂದರೆ ಆ ಜಾತಿಯದೆಂದು ತಿಳಿಯಿರಿ. ಬೆಂಗಳೂರಿನಲ್ಲೂ ಕೆಲವು ಡಬ್ಬಿಗಳಿವೆ, ಆದರೆ ಅವುಗಳಿಗೋಸ್ಕರ ಯಂತ್ರ ಕೊಳ್ಳುವುದು ಬೇಡ. ಜನ ಸದಾ ನೋಡುತ್ತಿರುವ ಊರಿನಲ್ಲಿ ಪೊದೆಯ ಮುಂದೆ ಫೋನು ಹಿಡಿದು ನಿಂತವರನ್ನು ಯಾರೂ ಗಮನಿಸುವುದಿಲ್ಲ. ಆಂಟೆನಾ ಇರುವ ಯಂತ್ರ ಹಿಡಿದು ನಿಂತರೆ ನಾಲ್ಕು ಜನ ಸೇರುತ್ತಾರೆ.

ಇಷ್ಟನ್ನೂ ತೂಗಿದ ಮೇಲೆ ನನ್ನ ತೀರ್ಪು: ಹೊಸಬರಿಗೆ ಕೈ-ಜಿಪಿಎಸ್ ಬೇಕೇ ಬೇಕು ಎಂದಾದರೆ ಎಸ್‌ಇ. ಅದರ ಬೋಳು ಪರದೆಯನ್ನೂ ಆ್ಯಪಿನ ಕಿರಿಕಿರಿಯನ್ನೂ ಸಹಿಸಿಕೊಂಡರೂ ಮೇಲೆ ಹೇಳಿದ ನಾಲ್ಕು ಪರೀಕ್ಷೆಗಳನ್ನು ಅತಿ ಕಡಿಮೆ ಬೆಲೆಗೆ ದಾಟುವುದು ಅದೊಂದೇ. ಹಳೆಯ ಈಟ್ರೆಕ್ಸ್ 10 ಎಸ್‌ಇಯ ಅರ್ಧ ಬೆಲೆಗೂ ಕಡಿಮೆಗೆ ಸಿಕ್ಕರೆ ತಗೊಳ್ಳಬಹುದು, ಜೊತೆಗೆ ಹತ್ತು ಡಾಲರಿನ ಸೂಜಿ ದಿಕ್ಸೂಚಿ ಇರಲಿ: ದೂರವನ್ನೂ ಕೋನವನ್ನೂ ಯಂತ್ರದಲ್ಲಿ ಓದಿ, ದಿಕ್ಕನ್ನು ಸೂಜಿಯಲ್ಲಿ ಹಿಡಿದರೆ ಕೆಲಸ ನಡೆಯುತ್ತದೆ. 22ಎಕ್ಸ್ ನಕ್ಷೆ ಬೇಕೆನ್ನುವ ಚಾರಣಿಗರ ಯಂತ್ರ, ಹುಡುಕುವವರದಲ್ಲ. 32ಎಕ್ಸ್ ಮತ್ತು 65, ಈ ಆಟ ನಿಮ್ಮನ್ನು ರಾತ್ರಿ ಬೆಟ್ಟದಲ್ಲಿ ತಂಗುವಷ್ಟು ಹಿಡಿದುಕೊಂಡ ಮೇಲೆ ಯೋಚಿಸಬೇಕಾದವು. ನೀವೇ ಡಬ್ಬಿ ಬಚ್ಚಿಡಲು ಹೊರಟಾಗ ಮಾತ್ರ ನಿಖರತೆಗೆ ನಿಜವಾದ ಬೆಲೆ ಬರುತ್ತದೆ, ಏಕೆಂದರೆ ಆ ತಪ್ಪನ್ನು ಮುಂದೆ ಬರುವ ಎಲ್ಲರೂ ಹೊರಬೇಕು. ಅದಕ್ಕೂ ಅಗ್ಗದ ದಾರಿಯಿದೆ. ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಾಸರಿ ತೆಗೆಯುವ ಸೌಕರ್ಯ ಈಟ್ರೆಕ್ಸ್ 10ರಲ್ಲೇ ಇತ್ತು.

ಉಳಿದ ದುಡ್ಡಿಗೆ ಮತ್ತೆ ಮತ್ತೆ ಚಾರ್ಜ್ ಮಾಡುವ ನಾಲ್ಕು ಸೆಲ್ಲು, ಒಂದು ಟಾರ್ಚು, ಬೆರಳುದ್ದದ ಕೊಳವೆಯಂಥ ಡಬ್ಬಿಗಳಿಂದ ಹೆಸರು ಬರೆಯುವ ಸುರುಳಿ ಕಾಗದ ಎಳೆಯಲು ಒಂದು ಚಿಮುಟ, ಬರೆಯುವ ಪೆನ್ನು. ಅಮೆರಿಕದ ಹುಲ್ಲುಗಾವಲುಗಳಿಗೆ ಉಣ್ಣೆಹುಳ ದೂರವಿಡುವ ಮುಲಾಮು. ಇವು ಹುಡುಕಿಕೊಡುವ ಡಬ್ಬಿಗಳ ಸಂಖ್ಯೆ ಬಣ್ಣದ ಪರದೆ ಹುಡುಕಿಕೊಡುವುದಕ್ಕಿಂತ ಹೆಚ್ಚು.

ಇದಕ್ಕೂ ಮೊದಲು ಒಂದು ಬಿಟ್ಟಿ ಪರೀಕ್ಷೆ ಮಾಡಿ. ಒಂದು ತಿಂಗಳು ಫೋನಿನಲ್ಲೇ ಆಡಿ. ವಿವರಣೆಯಲ್ಲಿ ಕೊಟ್ಟಿರುವ ಕಷ್ಟದ ಅಂಕ ಒಂದೂವರೆ ದಾಟದ, ಊಟದ ಡಬ್ಬಿಯಷ್ಟಾದರೂ ದೊಡ್ಡದಾದವನ್ನೇ ಆರಿಸಿ. ಸಿಗದೆ ಹೋದ ಪ್ರತಿ ಡಬ್ಬಿಯ ಮುಂದೆ ಕಾರಣ ಬರೆದಿಡಿ: ಬ್ಯಾಟರಿ ಮುಗಿಯಿತು, ಮಳೆಗೆ ಪರದೆ ಕೇಳಲಿಲ್ಲ, ಮಗು ಫೋನು ಬೀಳಿಸಿತು, ಜಾಗಕ್ಕೆ ಸರಿಯಾಗಿ ಹೋದರೂ ಕಣ್ಣಿಗೆ ಬೀಳಲಿಲ್ಲ. ಮೊದಲ ಮೂರು ಕಾರಣ ಹೆಚ್ಚಿದ್ದರೆ ಎಸ್‌ಇ ಕೊಳ್ಳಿ. ನಾಲ್ಕನೆಯದೇ ಹೆಚ್ಚಿದ್ದರೆ ದುಡ್ಡು ಉಳಿಯಿತು; ಅದನ್ನು ಸರಿಪಡಿಸುವ ಯಂತ್ರವನ್ನು ಯಾವ ಕಂಪನಿಯೂ ಯಾವ ಬೆಲೆಗೂ ಮಾರುತ್ತಿಲ್ಲ.